ಪೀಸ್ವೀಪ್ ಕೂಗಿದ ಬೆಟ್ಟ

ನಾಕ್‌ಗಾರ್ವಿ, ಗ್ಯಾಲೊವೇ
೩ ಮಾರ್ಚ್ ೧೯೧೭

ಎಲ್ಸ್‌ಪೆತ್‌ಗೆ,

ನಿನ್ನ ಕಾಗದ ತಲುಪಿತು. ಎಡಿನ್‌ಬರೋದಲ್ಲಿ ನಿನಗೆ ಮರ್ಯಾದೆಯ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಆದರೆ ಓದಿದ ಗಂಡಸೊಬ್ಬರು ಬೆಂಕಿಯ ಮುಂದೆ ಕೂತು, ನಮ್ಮ ಊರಿನವರು ನೀರುಹಕ್ಕಿಗಳನ್ನು ಏನೆಂದು ಕರೆಯುತ್ತಾರೆ ಎಂದು ಬರೆಸಿಕೊಳ್ಳಲು ನಿನಗೆ ಸಂಬಳ ಕೊಡುತ್ತಾರೆ ಎಂಬುದನ್ನು ವಾಟ್‌ಗೆ ಓದಿ ಹೇಳಿದಾಗ ಅವನು ಪೈಪು ಬಾಯಿಂದ ತೆಗೆದು, "ಹಂಗಾದ್ರೆ ನನ್ನನ್ನೂ ಕರ್ಸ್ಕೊಳ್ಳೋಕೆ ಹೇಳಿ ಅಮ್ಮಾವ್ರೆ, ಕುರಿ ಬೈಯೋ ಮಾತು ನನಗೆ ಇನ್ನೂ ಜಾಸ್ತಿ ಗೊತ್ತು" ಎಂದ. ನಲವತ್ತು ವರ್ಷ ಕುರಿ ಕಾಯ್ದವನಿಗೆ ಅಷ್ಟು ಹೇಳುವ ಹಕ್ಕಿದೆ.

ನಿನ್ನ ಫರ್ನಿ ಸಾಹೇಬರಿಗೆ ಬೇಕಾದದ್ದನ್ನು ಬರೆದುಕೋ. ಬಾಗಿದ ಕೊಕ್ಕಿನದು ವಾಪ್. ಇಂಗ್ಲಿಷಿನವರು ಅದನ್ನು ಕರ್ಲ್ಯೂ ಅನ್ನುತ್ತಾರಂತೆ, ಅನ್ನಲಿ. ಸಂಜೆ ಜೌಗಿನ ಮೇಲೆ ಸುತ್ತುತ್ತ ಆಡಿನ ಮರಿಯಂತೆ ಸದ್ದು ಮಾಡುವುದು ಹೆದರ್‌ಬ್ಲೀಟ್. ಹೊಳೆಯ ಕಲ್ಲಿನ ಮೇಲೆ ಹಿಂಭಾಗ ಕುಣಿಸುವುದು ಕಿಟ್ಟಿನೀಡಿ. ಕಡಲ ತೀರದ ಕೆಂಪು ಕೊಕ್ಕಿನದು ಸೀಪಾಯಟ್. ನನ್ನ ಅಪ್ಪ ರಾತ್ರಿಯ ಪ್ರಾರ್ಥನೆಯಲ್ಲಿ, ಮಾಟಗಾತಿಯರಿಂದಲೂ ಉದ್ದ ಕೊಕ್ಕಿನ ಪ್ರಾಣಿಗಳಿಂದಲೂ ನಮ್ಮನ್ನು ಕಾಪಾಡು ಎಂದು ಕೇಳಿಕೊಳ್ಳುತ್ತಿದ್ದರು. ಅವರ ಮನಸ್ಸಿನಲ್ಲಿದ್ದದ್ದು ವಾಪ್. ಅದನ್ನೂ ಬರೆದುಕೊಳ್ಳಲಿ.

ಪುಸ್ತಕದಲ್ಲಿ ಟಿಟ್ಟಿಭ ಎಂದಿರುವುದಕ್ಕೆ ನಮ್ಮಲ್ಲಿ ಪೀಸ್ವೀಪ್. ಆ ಹೆಸರನ್ನು ಈ ಮನೆಯಲ್ಲಿ ಯಾರೂ ಪ್ರೀತಿಯಿಂದ ಹೇಳುವುದಿಲ್ಲ ಎಂಬುದು ನಿನಗೆ ಗೊತ್ತು, ಸಾಹೇಬರಿಗೆ ಗೊತ್ತಿರಲಾರದು. ರಾಜನೇ ಚರ್ಚಿಗೆ ತಲೆ ಎಂಬ ಪ್ರಮಾಣವನ್ನು ಒಪ್ಪದವರನ್ನು ಕುದುರೆ ಸವಾರರು ಬೆಟ್ಟಬೆಟ್ಟ ಬೇಟೆಯಾಡಿದ ಕಾಲದಲ್ಲಿ ನಮ್ಮ ಮನೆತನದ ಹಿರಿಯ ಜಾನ್ ಹೇನಿಂಗ್ ಹೆದರ್ ಪೊದೆಯಲ್ಲಿ ಅಡಗಿದ್ದ. ಪೀಸ್ವೀಪ್‌ಗಳು ಅವನ ತಲೆಯ ಮೇಲೆ ಸುತ್ತಿ ಕೂಗಿ ಕೂಗಿ ಸವಾರರಿಗೆ ಜಾಗ ತೋರಿಸಿದವು. ಅವನನ್ನು ಅಲ್ಲೇ ಗುಂಡಿಟ್ಟು ಕೊಂದರು. ಅಂದಿನಿಂದ ಪ್ರತಿ ವಸಂತದಲ್ಲೂ ನಾವು ನಮ್ಮ ಬೆಟ್ಟದ ಪೀಸ್ವೀಪ್ ಗೂಡುಗಳನ್ನು ಒಡೆಯುತ್ತೇವೆ. ಸುತ್ತಲಿನ ಮನೆಗಳು ಬಿಟ್ಟುಬಿಟ್ಟಿವೆ. ನಾವು ಬಿಟ್ಟಿಲ್ಲ.

ಇನ್ನು ನಿನ್ನ ತಮ್ಮ ಆಡಮ್. ಕುರಿ ಕಾಯುವವನಾದರೂ ಅವನನ್ನು ಸೈನ್ಯ ಸೇರುವುದರಿಂದ ಬಿಡಲಾಗದು ಎಂದು ಭರ್ತಿ ಮಂಡಳಿಯವರು ತೀರ್ಪು ಕೊಟ್ಟರು. ಯಾರನ್ನೂ ಕೊಲ್ಲುವುದಿಲ್ಲ ಎಂದು ಅವನು ಹೇಳಿದ್ದು ಕಾರಣವಲ್ಲವಂತೆ. ಸೈನ್ಯದ ಬರಾಕ್ಸಿಗೆ ಹೋಗಬೇಕಾದ ದಿನ ಅವನು ಮನೆಯಲ್ಲಿರಲಿಲ್ಲ. ಎಲ್ಲಿದ್ದಾನೆಂದು ನನಗೆ ತಿಳಿಯದು. ಪೊಲೀಸ್ ಸಾರ್ಜೆಂಟ್ ಮಕ್‌ಕೆಂಡ್ರಿಕ್ ಬಂದಾಗ ಅವನಿಗೂ ಇದನ್ನೇ ಹೇಳಿದೆ.

ನಿನ್ನ ತಾಯಿ,
ಗ್ರಿಜೆಲ್ ಹೇನಿಂಗ್


ಎಡಿನ್‌ಬರೋ
೧೪ ಮಾರ್ಚ್ ೧೯೧೭

ಅಮ್ಮನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹಕ್ಕಿಗಳಿಗೆ ಎರಡು ಪುಟ, ಆಡಮ್‌ಗೆ ಆರು ಸಾಲು.

ಅವನು ತಾನಾಗಿ ಹೋದನೋ, ನೀವು ಹೊರಗೆ ಹಾಕಿದಿರೋ? ನನಗೆ ನೇರವಾಗಿ ಹೇಳಿ. ರಾಬರ್ಟ್ ಅಣ್ಣ ಫ್ರಾನ್ಸಿನಲ್ಲಿ ಸತ್ತ ದಿನದಿಂದ ನೀವು ಆಡಮ್‌ನ ಮುಖ ನೋಡಿ ಮಾತನಾಡಿದ್ದನ್ನು ನಾನು ಕಂಡಿಲ್ಲ. ಒಬ್ಬ ಹೋದ, ಒಬ್ಬ ಹೋಗುವುದಿಲ್ಲ ಅನ್ನುತ್ತಾನೆ ಎಂದು ಚರ್ಚಿನಲ್ಲಿ ಹೆಂಗಸರು ತಿರುಗಿ ನೋಡಿದರೆ ನಿಮಗೆ ಸಹಿಸಲಾಗದು. ಅದು ನನಗೆ ಅರ್ಥವಾಗುತ್ತದೆ. ಆದರೆ ಅವನು ನಿಮ್ಮ ಮಗ.

ಇಲ್ಲಿ ಜನ ಏನೇನೋ ಹೇಳುತ್ತಾರೆ. ಹೀಗೆ ಸಿಕ್ಕಿಬಿದ್ದವರನ್ನು ಹಡಗಿಗೆ ಹತ್ತಿಸಿ ಫ್ರಾನ್ಸಿಗೆ ಒಯ್ದು, ಅಲ್ಲಿ ಆಜ್ಞೆ ಮೀರಿದನೆಂದು ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಾರಂತೆ. ನಿಜವೋ ಸುಳ್ಳೋ ತಿಳಿಯದು. ದಿನವೆಲ್ಲ ಹಕ್ಕಿಗಳ ಹೆಸರನ್ನು ಸಣ್ಣ ಕಾರ್ಡುಗಳಲ್ಲಿ ಬರೆಯುತ್ತೇನೆ. ಬಾಗಿಲು ಬಡಿದ ಸದ್ದಾದರೆ ಅವನೇ ಬಂದನೆಂದು ಎದ್ದು ನಿಲ್ಲುತ್ತೇನೆ. ಫರ್ನಿ ಸಾಹೇಬರ ಮಗನೂ ಯುದ್ಧದಲ್ಲಿದ್ದಾನೆ. ಅವರಿಗೆ ನಾನು ಏನೂ ಹೇಳಿಲ್ಲ.

ಅವನು ಬೆಚ್ಚಗಿದ್ದಾನೋ ಇಲ್ಲವೋ ಅಷ್ಟನ್ನಾದರೂ ಬರೆಯಿರಿ.

ಎಲ್ಸ್‌ಪೆತ್


ನಾಕ್‌ಗಾರ್ವಿ
೨ ಏಪ್ರಿಲ್ ೧೯೧೭

ಎಲ್ಸ್‌ಪೆತ್‌ಗೆ,

ನಾಲ್ಕು ದಿನ ಹಿಮ ಬಿತ್ತು. ಪೀಸ್ವೀಪ್‌ಗಳು ಬಂದ ಮೇಲೆ ಪ್ರತಿ ವರ್ಷ ಒಂದು ಹಿಮದ ಗಾಳಿ ಬೀಸುತ್ತದಲ್ಲ, ಅದಕ್ಕೆ ಪೀಸ್ವೀಪ್ ಬಿರುಗಾಳಿ ಎಂದೇ ಹೆಸರು; ಸಾಹೇಬರಿಗೆ ಹೇಳು. ಮರಿ ಹಾಕುವ ಕುರಿಗಳನ್ನೆಲ್ಲ ಕೆಳಗಿನ ರೊಪ್ಪಕ್ಕೆ ಹೊಡೆದೆವು.

ವಾಟ್‌ನ ಮಂಡಿ ಊದಿದೆ. ಆದ್ದರಿಂದ ಈ ವರ್ಷ ಗೂಡು ಒಡೆಯಲು ನಾನೇ ಬೆಟ್ಟಕ್ಕೆ ಹೋಗುತ್ತೇನೆ.

ಬೇರೆ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿಲ್ಲ. ಕಾಗದದಲ್ಲಿ ಅವನ್ನು ಮತ್ತೆ ಕೇಳಬೇಡ.

ನಿನ್ನ ತಾಯಿ,
ಗ್ರಿಜೆಲ್ ಹೇನಿಂಗ್


ಎಡಿನ್‌ಬರೋ
೧೧ ಏಪ್ರಿಲ್ ೧೯೧೭

ಅಮ್ಮನವರಿಗೆ,

ಹಕ್ಕಿಯ ಮೊಟ್ಟೆ ಒಡೆಯಲು ಬೆಟ್ಟ ಹತ್ತುವ ಕಾಲು ನಿಮಗಿದೆ. ಮಗನನ್ನು ಹುಡುಕಲು ಹಿತ್ತಲು ದಾಟಲು ಇಲ್ಲ.

ಇನ್ನೂರು ವರ್ಷದ ಹಿಂದೆ ಸತ್ತ ಜಾನ್ ಹೇನಿಂಗ್‌ಗಾಗಿ ಇಷ್ಟು ಸಿಟ್ಟು ಉಳಿಸಿಕೊಂಡಿದ್ದೀರಿ. ಅವನು ಮಾಡಿದ್ದೂ ಆಡಮ್ ಮಾಡಿದ್ದೂ ಬೇರೆಯೇ? ಅವನಿಗೆ ನೆನಪಿನ ಕಲ್ಲು ನೆಟ್ಟಿರಿ. ಇವನಿಗೆ ಒಂದು ಸಾಲೂ ಇಲ್ಲ.

ಇದನ್ನು ನೀವು ಅಂಚೆ ಮನೆಯಲ್ಲೇ ಎಲ್ಲರೆದುರು ನಿಂತು ಓದಿದರೂ ನನಗೆ ಚಿಂತೆಯಿಲ್ಲ.

ಎಲ್ಸ್‌ಪೆತ್


ನಾಕ್‌ಗಾರ್ವಿ
೨೪ ಏಪ್ರಿಲ್ ೧೯೧೭
(ಬೆಣ್ಣೆಯ ಡಬ್ಬಿಯ ತಳದಲ್ಲಿಟ್ಟು ಕಳಿಸಿದ್ದು)

ಎಲ್ಸ್‌ಪೆತ್‌ಗೆ,

ಬೆಣ್ಣೆಯ ಕೆಳಗೆ ಇದು ಸಿಕ್ಕಿದಾಗ ಕೂಗಬೇಡ, ಮನೆಯಲ್ಲಿ ಬೇರೆಯವರಿದ್ದಾರೆ. ಓದಿ ಒಲೆಗೆ ಹಾಕು. ಇನ್ನು ಮುಂದೆ ಅಂಚೆಯಲ್ಲಿ ಹಕ್ಕಿಗಳ ವಿಷಯ ಮಾತ್ರ ಬರೆ, ಮಿಕ್ಕದ್ದನ್ನು ಖಾಲಿ ಡಬ್ಬಿಯಲ್ಲಿಟ್ಟು ರೈಲಿಗೆ ಹಾಕು. ಅಂಚೆ ಮನೆಯ ಮಿಸ್ ಟೆಲ್ಫರ್ ಕೆಟಲಿನ ಹಬೆಗೆ ಲಕೋಟೆ ಹಿಡಿದು ತೆಗೆಯುತ್ತಾಳೆ. ನಿನ್ನ ಹನ್ನೊಂದನೇ ತಾರೀಖಿನ ಕಾಗದವನ್ನು ಕೊಡುವಾಗ ಅವಳು ನನ್ನ ಕಡೆ ಕರುಣೆಯಿಂದ ನೋಡಿದಳು. ಆ ಕರುಣೆ ನಮಗೆ ಒಳ್ಳೆಯದೇ ಆಯಿತು. ಗ್ರಿಜೆಲ್ ಹೇನಿಂಗ್ ಮಗನನ್ನು ಮನೆಯಿಂದ ಓಡಿಸಿದಳು ಎಂದು ಊರೆಲ್ಲ ನಂಬಿದೆ. ನಂಬಲಿ.

ಆಡಮ್ ನಮ್ಮ ಬೆಟ್ಟದಲ್ಲೇ ಇದ್ದಾನೆ. ಹಿಂಬದಿಯ ಇಳಿಜಾರಿನಲ್ಲಿ ಮುರಿದ ಕುರಿರೊಪ್ಪದ ಆಚೆ, ಕಪ್ಪು ಮಣ್ಣು ಕುಸಿದು ಗುಹೆಯಂತಾದ ಜಾಗ. ಮೇಲೆ ಹೆದರ್ ಹೊದಿಕೆ. ಒಣ ಜರಿಗಿಡ ಹಾಸಿ, ನಿನ್ನ ಅಪ್ಪನ ಕಂಬಳಿ ಕೊಟ್ಟಿದ್ದೇನೆ. ಬೆಚ್ಚಗಿದ್ದಾನೋ ಎಂದು ಕೇಳಿದ್ದೆಯಲ್ಲ, ಇಲ್ಲ. ಜೀವಂತವಾಗಿದ್ದಾನೆ.

ಮೊದಲ ವಾರಗಳಲ್ಲಿ ವಾಟ್ ರೊಟ್ಟಿ ಒಯ್ಯುತ್ತಿದ್ದ. ಆಮೇಲೆ ಸಾರ್ಜೆಂಟ್ ಅವನ ಹಿಂದೆಯೇ ತಿರುಗತೊಡಗಿದ. ವಾಟ್‌ನ ಮಂಡಿ ಊದಿದ್ದು ಆಗಲೇ. ನಾನು ಹೇಳಿದ ಮೇಲೆ ಊದಿತು. ಏಪ್ರಿಲ್‌ನಲ್ಲಿ ಹೇನಿಂಗ್ ಮನೆಯವರು ಬೆಟ್ಟದ ಮೂಲೆ ಮೂಲೆ ತಿರುಗಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ನಮ್ಮ ಪದ್ಧತಿ. ಆದ್ದರಿಂದ ಬುಟ್ಟಿ ಹಿಡಿದು ಹಾಡಹಗಲೇ ಹೋಗುತ್ತೇನೆ. ಬುಟ್ಟಿಯಲ್ಲಿ ಓಟ್ಸ್ ರೊಟ್ಟಿ, ಗಿಣ್ಣು, ಒಂದೊಂದು ದಿನ ಒಣಗಿಸಿದ ಮಾಂಸ.

ಮೊನ್ನೆ ಗೇಟಿನಲ್ಲಿ ಸಾರ್ಜೆಂಟ್ ಒರಗಿ ನಿಂತಿದ್ದ. "ಏನಮ್ಮಾವ್ರೆ, ಈ ವಯಸ್ಸಲ್ಲಿ ಬೆಟ್ಟಾನಾ? ವಾಟ್ ಎಲ್ಲಿ ಸತ್ತ?"

"ಅವನಿಗೆ ಮಂಡಿ ನೋವು. ನಿನಗೆ ಏನು ನೋವಯ್ಯಾ, ದಿನಾ ನನ್ನ ಗೇಟಿಗೆ ಒರಗ್ಕೊಂಡಿರ್ತೀಯಲ್ಲ? ಕಂಬ ಬೀಳುತ್ತೆ."

"ಸರ್ಕಾರದ ಕೆಲಸ. ಬುಟ್ಟೀಲಿ ಏನಿದೆ?"

"ಬಾ, ಬಟ್ಟೆ ಎತ್ತಿ ನೋಡು. ನಿಮ್ಮಮ್ಮನಿಗೂ ಹೇಳ್ತೀನಿ, ನಿಮ್ಮ ಮಗ ಮುದುಕಿ ಬುಟ್ಟಿ ತಡಕಾಡೋಷ್ಟು ದೊಡ್ಡವನಾಗಿದಾನೆ ಅಂತ."

ಅವನ ಕಿವಿ ಕೆಂಪಾಯಿತು. "ಹೋಗಿ ಬನ್ನಿ ಅಮ್ಮಾವ್ರೆ. ನಿಮ್ಮ ಮನೆ ಗೂಡೊಡೆಯೋ ಶಾಸ್ತ್ರ ನಮಗೆ ಗೊತ್ತಿಲ್ವಾ" ಎಂದು ದಾರಿ ಬಿಟ್ಟ.

ಆಡಮ್‌ಗೆ ಇದು ಹಿಡಿಸುವುದಿಲ್ಲ. ಅವನ ಗುಹೆಯ ಹತ್ತಿರವೇ ಒಂದು ಗೂಡು ಸಿಕ್ಕಿತು. ನಾಲ್ಕು ಮೊಟ್ಟೆ.

"ಅಮ್ಮಾ, ಅದೊಂದನ್ನ ಬಿಟ್ಬಿಡು."

"ಬರೀ ಬುಟ್ಟಿ ಹಿಡ್ಕೊಂಡು ಓಡಾಡಿ ಬಂದ್ರೆ ಊರು ನಂಬುತ್ತಾ? ನನ್ನ ಕೋಲಿನ ತುದೀಲಿ ಹಳದಿ ಕಾಣ್ಬೇಕು."

"ನನಗೋಸ್ಕರ ಒಡೀತಿದ್ದೀಯಾ ಅಂತಾಯ್ತು."

"ಜಾನ್ ಹೇನಿಂಗ್‌ಗೋಸ್ಕರ ಒಡೀತಿದ್ದೀನಿ. ಬಾಯ್ಮುಚ್ಕೊಂಡು ತಿನ್ನು."

ತಿಂದ. ತಿನ್ನುತ್ತ ಕೇಳಿದ, "ಆ ಅಜ್ಜ ಹೆದರ್ಕೊಂಡು ಅಡಗಿದ್ನೋ, ಧೈರ್ಯವಾಗಿ ಅಡಗಿದ್ನೋ, ಕಲ್ಲಿನ ಮೇಲೆ ಬರ್ದಿದಾರಾ?" ನಾನು ಖಾಲಿ ಬುಟ್ಟಿ ಎತ್ತಿಕೊಂಡೆ. ರಾಬರ್ಟ್ ಹೋದದ್ದು ಸರಿಯೆಂದು ನಾನು ನಂಬಿದ್ದೇನೆ, ಇವನು ಹೋಗದಿರುವುದು ತಪ್ಪೆಂದು ಹೇಳಲು ಬಾಯಿ ಬರುತ್ತಿಲ್ಲ. ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ಬೆಟ್ಟ ಹತ್ತುವುದು ಸುಲಭವಲ್ಲ. ಇದಕ್ಕೆ ನಿನ್ನಿಂದ ಸಮಾಧಾನದ ಮಾತು ಬೇಡ.

ನಿನ್ನ ತಾಯಿ,
ಗ್ರಿಜೆಲ್ ಹೇನಿಂಗ್


ಎಡಿನ್‌ಬರೋ
೫ ಮೇ ೧೯೧೭
(ಖಾಲಿ ಡಬ್ಬಿಯಲ್ಲಿ)

ಅಮ್ಮನವರಿಗೆ,

ಕೂಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅಡುಗೆಯವಳು, "ಏನಮ್ಮಾ, ಬೆಣ್ಣೆ ಕೆಟ್ಟೋಗಿದ್ಯಾ?" ಎಂದಳು. ಇಲ್ಲ, ಬಹಳ ಚೆನ್ನಾಗಿದೆ ಎಂದೆ. ಹನ್ನೊಂದನೇ ತಾರೀಖು ನಾನು ಬರೆದದ್ದನ್ನು ಹರಿದುಹಾಕಿ.

ಈಗ ಕೇಳಿ. ಅವನು ಎಷ್ಟು ದಿನ ಆ ಮಣ್ಣಿನಲ್ಲಿರಲು ಸಾಧ್ಯ? ಜೂನ್ ಕೊನೆಗೆ ಉಣ್ಣೆ ಕತ್ತರಿಸಲು ಊರಿನ ಗಂಡಸರೆಲ್ಲ ನಮ್ಮ ಬೆಟ್ಟಕ್ಕೆ ಬಂದು ಕುರಿ ಕೂಡಿಸುತ್ತಾರೆ. ಇಪ್ಪತ್ತು ನಾಯಿ ಬರುತ್ತವೆ. ಅದಕ್ಕೆ ಮೊದಲು ಅವನು ಅಲ್ಲಿಂದ ಹೊರಡಬೇಕು. ಇಲ್ಲಿ ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದ ವಿಧವೆಯೊಬ್ಬರಿದ್ದಾರೆ. ಅವರ ಮನೆಯ ಮೇಲಿನ ಕೋಣೆ ಖಾಲಿಯಿದೆ. ನಾನು ಏನೂ ಕೇಳಲಿಲ್ಲ, ಅವರೇ ಹೇಳಿದರು. ಹೇಗಾದರೂ ಮಾಡಿ ಅವನನ್ನು ಕಳಿಸಿ, ಈ ತಿಂಗಳಲ್ಲೇ.

ಫರ್ನಿ ಸಾಹೇಬರು ಒಂದು ವಿಷಯ ಕೇಳಿದ್ದಾರೆ, ಬರೆಯದಿದ್ದರೆ ಅವರಿಗೆ ಅನುಮಾನ ಬರುತ್ತದೆ: ನಮ್ಮ ಕಡೆ ಪೀಸ್ವೀಪ್ ಎಲ್ಲಿಯವರೆಗೆ ಬೆಟ್ಟದಲ್ಲಿ ಕೂಗುತ್ತಿರುತ್ತದೆ? ಫೈಫ್ ಕಡೆಯವರು, ಜೂನ್ ನಡುವಿಗೆಲ್ಲ ಮರಿ ಹಾರಿಸಿಕೊಂಡು ಕಡಲ ಕಡೆ ಹೋಗಿಬಿಡುತ್ತವೆ ಎಂದು ಬರೆದಿದ್ದಾರಂತೆ.

ಎಲ್ಸ್‌ಪೆತ್


ನಾಕ್‌ಗಾರ್ವಿ
೫ ಜೂನ್ ೧೯೧೭
(ಬೆಣ್ಣೆಯ ಡಬ್ಬಿಯಲ್ಲಿ)

ಎಲ್ಸ್‌ಪೆತ್‌ಗೆ,

ಒಂದು ತಿಂಗಳು ಬರೆಯಲಾಗಲಿಲ್ಲ. ಕೂತು ಬರೆಯುವಷ್ಟು ಹೊತ್ತು ಕಾಲು ನಿಲ್ಲುತ್ತಿಲ್ಲ. ಕೆನೆ ಕಡೆಯುತ್ತಿದ್ದವಳು ಬಾಗಿಲಿಗೆ ಬರುತ್ತೇನೆ, ಬಾಗಿಲಿಗೆ ಬಂದವಳು ಗೇಟಿಗೆ ಹೋಗುತ್ತೇನೆ, ಗೇಟಿನಿಂದ ಬೆಟ್ಟ ನೋಡುತ್ತೇನೆ, ನೋಡಬಾರದೆಂದು ತಿರುಗುತ್ತೇನೆ. ನಿನ್ನೆ ವಾಟ್, "ಅಮ್ಮಾವ್ರೆ, ನೀವು ಹಿಂಗೆ ಓಡಾಡಿದ್ರೆ ಅಂಗಳದಲ್ಲಿ ಹುಲ್ಲು ಬೆಳೆಯೋದಿಲ್ಲ" ಎಂದ. ಅವನಿಗೆ ಬೈದೆ. ಬೈದ ಮೇಲೆ ಸ್ವಲ್ಪ ಹಗುರವಾಯಿತು.

ಎಡಿನ್‌ಬರೋ ಬೇಡ. ಬೆಟ್ಟದ ಮಗ ಯಾರದೋ ಮನೆಯ ಅಟ್ಟದಲ್ಲಿ ಇಲಿಯಂತೆ ಬದುಕಲಾರ. ಒಂದು ವಾರಕ್ಕೆ ಹೊರಗೆ ಬಂದುಬಿಡುತ್ತಾನೆ. ಮೊದಲು ನಾನು ಹೀಗೆ ಯೋಚಿಸಿದೆ. ಆದರೆ ಅವನಿಗೆ ಕೆಮ್ಮು ಹಿಡಿದಿದೆ, ಎರಡು ವಾರದಿಂದ ಬಿಟ್ಟಿಲ್ಲ. ಆದ್ದರಿಂದ ನೀನು ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ಉಣ್ಣೆ ಕತ್ತರಿಸುವ ಮುನ್ನಾ ದಿನ, ಊರಿನವರು ಬರುವ ಗದ್ದಲದಲ್ಲಿ, ವಾಟ್ ಅವನನ್ನು ಹಳೆಯ ದನದ ದಾರಿಯಲ್ಲಿ ಕಡಲಿಗೆ ಇಳಿಸುತ್ತಾನೆ. ಅಲ್ಲಿ ನನ್ನ ತವರಿನ ಕಡೆಯವರ ಮೀನು ದೋಣಿಯಿದೆ. ಮ್ಯಾನ್ ದ್ವೀಪಕ್ಕೆ ಹೋಗಲಿ. ಅದಕ್ಕೆ ಮೊದಲು ಅಲುಗಾಡಿದರೆ ಕಣ್ಣಿಗೆ ಬೀಳುತ್ತಾನೆ.

ಸಾಹೇಬರಿಗೆ ಹೇಳು, ಫೈಫ್‌ನವರು ಬರೆದದ್ದು ಫೈಫ್‌ಗೆ ಸರಿ. ಒಡೆದ ಗೂಡಿನ ಹಕ್ಕಿ ಮತ್ತೆ ಮೊಟ್ಟೆ ಇಡುತ್ತದೆ, ಮತ್ತೆ ಒಡೆದರೆ ಮತ್ತೆ ಇಡುತ್ತದೆ. ಈ ವರ್ಷ ನಾನು ಎರಡು ಸಲ ಒಡೆದೆ; ಹಿಂದಿನ ಯಾವ ವರ್ಷವೂ ಇಷ್ಟು ಚೊಕ್ಕಟವಾಗಿ ಒಡೆದಿರಲಿಲ್ಲ, ದಿನಾ ಹೋಗುತ್ತಿದ್ದೆನಲ್ಲ. ಮೂರನೇ ಸಲ ಇಟ್ಟ ಮೊಟ್ಟೆಗಳು ಈಗ ಮರಿಯಾಗುವ ಹೊತ್ತು. ನೆರೆಯ ಬೆಟ್ಟಗಳಲ್ಲಿ ಮರಿಗಳು ಆಗಲೇ ರೆಕ್ಕೆ ಬಿಚ್ಚುತ್ತಿವೆ. ನಮ್ಮ ಕಡೆ ಅವು ಜುಲೈವರೆಗೂ ಕೂಗುತ್ತವೆ ಎಂದು ಬರೆದುಕೊಳ್ಳಲಿ.

ಇನ್ನೊಂದು ಹೆಸರು ನೆನಪಾಯಿತು. ಬಂಗಾರದ ಚುಕ್ಕೆಯ ಪ್ಲಿವರ್ ಹಕ್ಕಿ ಹೋದಲ್ಲೆಲ್ಲ ಅದರ ಹಿಂದೆಯೇ ಓಡುವ ಸಣ್ಣ ಹಕ್ಕಿಯೊಂದಿದೆ. ಅದಕ್ಕೆ ಪ್ಲಿವರನ ಆಳು ಎಂದು ಹೆಸರು. ಆಡಮ್ ಚಿಕ್ಕವನಾಗಿದ್ದಾಗ ವಾಟ್‌ನನ್ನು ಹಾಗೆಂದು ಕೂಗಿ ಓಡುತ್ತಿದ್ದ. ಈಗ ಅವನ ಎದುರು ಆ ಹಕ್ಕಿ ದಿನವೆಲ್ಲ ಓಡಾಡುತ್ತದಂತೆ. "ಅಮ್ಮಾ, ಅದಕ್ಕೆ ನನ್ನಷ್ಟೂ ಕೆಲಸ ಇಲ್ಲ" ಎಂದು ನಕ್ಕ. ನಗುವಾಗ ಕೆಮ್ಮಿದ.

ನಿನ್ನ ತಾಯಿ,
ಗ್ರಿಜೆಲ್ ಹೇನಿಂಗ್


ನಾಕ್‌ಗಾರ್ವಿ
೨೭ ಜೂನ್ ೧೯೧೭

ಎಲ್ಸ್‌ಪೆತ್‌ಗೆ,

ಇದನ್ನು ಅಂಚೆಯಲ್ಲೇ ಹಾಕುತ್ತಿದ್ದೇನೆ. ಮಿಸ್ ಟೆಲ್ಫರ್ ಓದಿಕೊಳ್ಳಲಿ, ಮುಚ್ಚಿಡುವುದು ಏನೂ ಉಳಿದಿಲ್ಲ.

ಸೋಮವಾರ ಆಡಮ್‌ನನ್ನು ಹಿಡಿದರು. ಉಣ್ಣೆ ಕತ್ತರಿಸುವುದಕ್ಕೆ ಇನ್ನೂ ಎರಡು ದಿನವಿತ್ತು.

ಸಾರ್ಜೆಂಟ್‌ಗೆ ಯಾರೂ ಹೇಳಿಲ್ಲ. ನಾನು ಅವನನ್ನೇ ಕೇಳಿದೆ. ಅವನು ನಿಜವನ್ನೇ ಹೇಳಿದನೆಂದು ನನಗೆ ಅನ್ನಿಸಿತು, ಹೇಳುವಾಗ ಅವನಿಗೆ ಖುಷಿಯಿರಲಿಲ್ಲ. ನಮ್ಮ ಬೆಟ್ಟದ ಈಚೆಗೂ ಆಚೆಗೂ ಸೈನ್ಯದ ನಾಲ್ಕು ಜನರೊಡನೆ ಎಲ್ಲ ಕಡೆ ಒಂದು ಸುತ್ತು ಬರುತ್ತಿದ್ದನಂತೆ. "ಸುತ್ತಮುತ್ತ ಒಂದು ಬೆಟ್ಟದಲ್ಲೂ ಪೀಸ್ವೀಪ್ ಉಳಿದಿಲ್ಲ ಅಮ್ಮಾವ್ರೆ, ಎಲ್ಲಾ ಮರಿ ಎಬ್ಬಿಸ್ಕೊಂಡು ಕಡಲ ಕಡೆ ಹೋಗಿವೆ. ಸದ್ದೇ ಇಲ್ಲ. ನಿಮ್ಮದೊಂದೇ ಬೆಟ್ಟ ಕೂಗ್ತಿತ್ತು. ಇದೇನಪ್ಪಾ ಅಂತ ನಿಂತು ನೋಡ್ದೆ. ಹಳೇ ರೊಪ್ಪದ ಆಚೆ ಒಂದೇ ಜಾಗದ ಮೇಲೆ ಏಳೋದು, ಬೀಳೋದು, ಸುತ್ತೋದು. ನಾವಿನ್ನೂ ಅರ್ಧ ಮೈಲಿ ದೂರ ಇದ್ವಿ. ನಮಗಲ್ಲ ಅವು ಕೂಗ್ತಿದ್ದಿದ್ದು. ಅಲ್ಲಿ ಇನ್ಯಾರೋ ಇದಾರೆ ಅಂತ ಗೊತ್ತಾಯ್ತು."

ಅವನು ಮಾತು ಮುಗಿಸುವ ಮೊದಲೇ ನನಗೆ ತಿಳಿಯಿತು.

ಅಂಗಳದ ಮೇಲೇ ನಡೆಸಿಕೊಂಡು ಹೋದರು. ಕೈಗೆ ಕೋಳವಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಸೈನಿಕನೊಬ್ಬ, "ನಿನ್ನ ಮಗಾನಾ ಮುದುಕಿ?" ಎಂದ. ಸಾರ್ಜೆಂಟ್ ಅವನಿಗೆ, "ಲೇ, ಬಾಯಿ ಸರಿಯಾಗಿ ಇಟ್ಕೋ, ಯಾರ ಮನೆ ಮುಂದೆ ನಿಂತಿದ್ದೀಯ ಗೊತ್ತಾ" ಎಂದ. ಆಡಮ್ ನನ್ನನ್ನು ನೋಡಿ, "ಅಮ್ಮಾ, ಅಪ್ಪನ ಕಂಬಳಿ ಅಲ್ಲೇ ಇದೆ, ಮಳೆ ಬರೋ ಹಾಗಿದೆ, ತರಿಸ್ಕೋ" ಎಂದ. ಅಷ್ಟೇ ಮಾತು.

ಬರಾಕ್ಸಿನಲ್ಲಿ ಇಟ್ಟಿದ್ದಾರೆ. ಸೈನ್ಯದ ವಿಚಾರಣೆಯಾಗುತ್ತದೆ. ಫ್ರಾನ್ಸಿಗೆ ಒಯ್ಯುತ್ತಾರೋ ಎಂದು ಕೇಳಿದೆ. ಅದು ತನಗೆ ತಿಳಿಯದು ಎಂದು ಸಾರ್ಜೆಂಟ್ ನೆಲ ನೋಡಿದ. ನೀನು ಹೋಗಿ ನೋಡಿ ನನಗೆ ಬರೆ. ಉಣ್ಣೆ ಇಂದು ಕತ್ತರಿಸುತ್ತಿದ್ದಾರೆ, ಮೂವತ್ತು ಜನಕ್ಕೆ ಅಡುಗೆಯಾಗಬೇಕು. ಬಂದವರು ಆಡಮ್ ಹೆಸರು ಎತ್ತದೆ ಮಳೆಯ ಮಾತಾಡುತ್ತಿದ್ದಾರೆ. ಎಲ್ಲರೂ ಚೆನ್ನಾಗಿ ತಿನ್ನುತ್ತಿದ್ದಾರೆ.

ನಿನ್ನ ತಾಯಿ,
ಗ್ರಿಜೆಲ್ ಹೇನಿಂಗ್


ಎಡಿನ್‌ಬರೋ
೯ ಜುಲೈ ೧೯೧೭

ಅಮ್ಮಾ,

ನಿನ್ನೆ ರಾತ್ರಿ ಹಿಂದಿರುಗಿದೆ. ಮೊದಲು ಮುಖ್ಯವಾದದ್ದು: ಅವನನ್ನು ಫ್ರಾನ್ಸಿಗೆ ಕಳಿಸುವುದಿಲ್ಲ. ವಿಚಾರಣೆ ಮುಗಿಯಿತು. ಸಮವಸ್ತ್ರ ತೊಡು ಎಂದರು, ತೊಡುವುದಿಲ್ಲ ಎಂದ. ಎರಡು ವರ್ಷ ಕಠಿಣ ಸಜೆ. ಬದುಕಿರುತ್ತಾನಮ್ಮಾ. ಕೆಮ್ಮಿಗೆ ಔಷಧಿ ಕೊಟ್ಟಿದ್ದಾರೆ.

ನನಗೆ ಅರ್ಧ ಗಂಟೆ ಬಿಟ್ಟರು. ಕಾವಲಿನವನು ನಡುವೆ ನಿಂತಿದ್ದ. ಮಾತು ನಮ್ಮ ಕಡೆಯದಾದ್ದರಿಂದ ಅವನಿಗೆ ಅರ್ಧ ತಿಳಿಯಲಿಲ್ಲ. ಆಡಮ್ ಸಣ್ಣಗಾಗಿದ್ದಾನೆ, ಆದರೆ ಗಡ್ಡ ತೆಗೆಸಿದ್ದರಿಂದ ನಮ್ಮ ಹಳೆಯ ಆಡಮ್‌ನ ಹಾಗೇ ಕಾಣುತ್ತಿದ್ದ.

ಹಕ್ಕಿಗಳ ವಿಷಯ ನೀನು ಮನಸ್ಸಿಗೆ ಹಚ್ಚಿಕೊಂಡಿದ್ದರೆ ಬಿಟ್ಟುಬಿಡು. ನಾನು ಅವನನ್ನೇ ಕೇಳಿದೆ. ಅವನನ್ನು ಯಾರೂ ಹುಡುಕಿ ಹಿಡಿದದ್ದಲ್ಲವಂತೆ. ಸೈನಿಕರು ದೂರದಲ್ಲಿ ಬರುವುದು ಕಂಡು, ಅಡಗಿದ್ದು ಸಾಕು ಎನ್ನಿಸಿ ತಾನೇ ಎದ್ದು ನಿಂತನಂತೆ. ಎದ್ದು ಅವರ ಕಡೆಗೆ ನಡೆದನಂತೆ. ಪೀಸ್ವೀಪ್ ಕೂಗಿದ್ದು ಆಮೇಲೆ. ನೀನು ಒಡೆದದ್ದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅವನೇ ಹಾಗೆಂದ.

ಫರ್ನಿ ಸಾಹೇಬರಿಗೆ ಎಲ್ಲ ತಿಳಿಯಿತು, ಪತ್ರಿಕೆಯಲ್ಲಿ ಬಂದಿತ್ತು. ನನ್ನನ್ನು ಕಳಿಸಿಬಿಡುತ್ತಾರೆಂದು ಪೆಟ್ಟಿಗೆ ಕಟ್ಟಿಟ್ಟಿದ್ದೆ. ಅವರು ಬೆಳಿಗ್ಗೆ ಬಂದು ಹಕ್ಕಿಗಳ ಕಾರ್ಡುಗಳನ್ನು ನನ್ನ ಮುಂದೆ ಇಟ್ಟರು. ಆಮೇಲೆ, "ನಿಮ್ಮ ತಾಯಿ ಪ್ಲಿವರನ ಆಳು ಅಂತ ಕಳ್ಸಿದ್ರಲ್ಲ, ಅದು ಎಲ್ಲೂ ಬಿಟ್ಟುಹೋಗಬಾರದು" ಎಂದರು. ತಮ್ಮ ಮಗನ ಮಾತೂ ಆಡಲಿಲ್ಲ, ನನ್ನ ತಮ್ಮನ ಮಾತೂ ಆಡಲಿಲ್ಲ.

ಊಟ ಮಾಡು ಅಮ್ಮಾ. ನೀನು ಒಬ್ಬಳೇ ಬೆಟ್ಟಕ್ಕೆ ಹೋಗಬೇಡ.

ಎಲ್ಸ್‌ಪೆತ್


ನಾಕ್‌ಗಾರ್ವಿ
೧೮ ಜುಲೈ ೧೯೧೭

ಎಲ್ಸ್‌ಪೆತ್‌ಗೆ,

ನೀನು ಸುಳ್ಳು ಬರೆದಿದ್ದೀಯ. ಆ ದಿನ ವಾಟ್ ರೊಪ್ಪದ ಗೋಡೆಯ ಹಿಂದಿದ್ದ, ಎಲ್ಲವನ್ನೂ ಕಣ್ಣಾರೆ ನೋಡಿದ. ಆಡಮ್ ಎದ್ದು ನಿಲ್ಲಲಿಲ್ಲ, ನಡೆದು ಬರಲಿಲ್ಲ. ಜ್ವರದಲ್ಲಿ ನಿದ್ದೆ ಹೋಗಿದ್ದ. ಬೂಟಿನ ತುದಿಯಿಂದ ಅಲುಗಿಸಿ ಎಬ್ಬಿಸಿದರು. ಇದು ಆಡಮ್ ಹೇಳಿಕೊಟ್ಟ ಸುಳ್ಳೋ ನೀನೇ ಕಟ್ಟಿದ್ದೋ ನಾನು ಕೇಳುವುದಿಲ್ಲ. ನನ್ನ ಮಕ್ಕಳು ಸುಳ್ಳು ಹೇಳಿದಾಗ ಬೆತ್ತ ಹಿಡಿದವಳು ನಾನು. ಈ ಒಂದಕ್ಕೆ ಏನೂ ಹೇಳುವುದಿಲ್ಲ.

ನೀನು ಬರೆಯದಿದ್ದುದನ್ನು ನಾನೇ ಬರೆಯುತ್ತೇನೆ. ಏಪ್ರಿಲ್‌ನಲ್ಲಿ ಗೂಡುಗಳನ್ನು ಇದ್ದಲ್ಲಿ ಬಿಟ್ಟಿದ್ದರೆ ಜೂನ್ ನಡುವಿಗೆ ನಮ್ಮ ಬೆಟ್ಟವೂ ಎಲ್ಲರ ಬೆಟ್ಟದ ಹಾಗೆ ಸುಮ್ಮನಿರುತ್ತಿತ್ತು. ಒಡೆದ ಹಕ್ಕಿ ಮತ್ತೆ ಇಡುತ್ತದೆ ಎಂಬುದು ನನಗೆ ಹುಟ್ಟಿದಂದಿನಿಂದ ಗೊತ್ತು. ನಿನಗೆ ಕೈಯಾರೆ ಬರೆದು ಕಳಿಸಿದೆ, ಸಾಹೇಬರಿಗೆ ಹೇಳು ಎಂದೆ. ಬರೆಯುವಾಗಲೂ ಹೊಳೆಯಲಿಲ್ಲ. ಆ ಹಕ್ಕಿಯನ್ನು ನಾನು ಈಗಲೂ ಕ್ಷಮಿಸಿಲ್ಲ, ಕ್ಷಮಿಸಿದೆನೆಂದು ಯಾರಿಗೂ ಹೇಳಬೇಡ. ಆದರೆ ಜಾನ್ ಹೇನಿಂಗ್‌ನ ತಲೆಯ ಮೇಲೆ ಅವು ಯಾಕೆ ಕೂಗಿದವು ಎಂದು ಇಷ್ಟು ತಲೆಮಾರು ಯಾರೂ ಕೇಳಲಿಲ್ಲ. ಅವುಗಳ ಮರಿಗಳು ಅಲ್ಲಿದ್ದವು, ಅದಕ್ಕೆ ಕೂಗಿದವು.

ಈಗ ಕೆಲಸದ ಮಾತು. ತಲೆ ತಪ್ಪಿಸಿಕೊಂಡವನಿಗೆ ಅನ್ನ ಕೊಟ್ಟದ್ದಕ್ಕೆ ನನ್ನನ್ನು ನಿನ್ನೆ ಕೋರ್ಟಿಗೆ ಕರೆಸಿದ್ದರು. ಹೋಗುವ ಮುಂಚೆ ವಾಟ್ ಟೋಪಿ ಹಿಚುಕುತ್ತ ಬಂದು, "ನಾನೇ ಒಬ್ನೇ ಮಾಡ್ದೆ ಅಂತ ಹೇಳ್ತೀನಿ ಅಮ್ಮಾವ್ರೆ. ಹೆಂಡ್ತಿ ಮಕ್ಳಿಲ್ಲದೋನು, ಒಳಗೆ ಗಂಜಿ ಬಿಸಿ ಇರುತ್ತಂತೆ" ಎಂದ.

"ಸುಳ್ಳು ಹೇಳೋಕಾ ಇಷ್ಟು ವರ್ಷ ನನ್ನ ಉಪ್ಪು ತಿಂದಿದ್ದು?" ಎಂದೆ.

ನ್ಯಾಯಾಧೀಶರು ಒಳ್ಳೆಯ ಮನುಷ್ಯರು, ನನ್ನನ್ನು ಬಿಟ್ಟುಬಿಡಬೇಕೆಂದೇ ಇದ್ದರು. "ಅಮ್ಮಾ, ಒಬ್ಬ ಮಗನನ್ನ ದೇಶಕ್ಕೆ ಕೊಟ್ಟಿದ್ದೀರಿ. ಇವನು ಅಲ್ಲಿರೋದು ನಿಮಗೆ ಗೊತ್ತಿರಲಿಲ್ಲ, ಅಲ್ವಾ?"

"ಗೊತ್ತಿತ್ತು."

"ಆಳು ನಿಮಗೆ ಹೇಳದೆ ಊಟ ಒಯ್ದಿರಬಹುದು..."

"ಆಳಿನ ಕೈಯಲ್ಲಿ ಕಳ್ಸಿಲ್ಲ ಸ್ವಾಮಿ. ನಾನೇ ಒಯ್ದೆ. ಹಗಲಲ್ಲೇ ಒಯ್ದೆ. ನಿಮ್ಮ ಸಾರ್ಜೆಂಟ್ ಎದುರಿಗೇ ಒಯ್ದೆ."

ಹಿಂದೆ ಕೂತವರು ನಕ್ಕರು. ಸಾರ್ಜೆಂಟ್ ನಗಲಿಲ್ಲ. ದಂಡ ಹಾಕಿದರು, ಕಟ್ಟದಿದ್ದರೆ ಸಜೆ. ಚರ್ಚಿನ ಹಿರಿಯರು ಹೊರಗೆ ಬಂದು, ತಾವೆಲ್ಲ ಸೇರಿ ಕಟ್ಟುತ್ತೇವೆ, ಮನೆತನದ ಮಾನದ ಪ್ರಶ್ನೆ ಎಂದರು. ಮನೆತನದ ಮಾನಕ್ಕೇ ಕಟ್ಟುವುದಿಲ್ಲ ಎಂದೆ. ಮಗನಿಗೆ ರೊಟ್ಟಿ ಕೊಟ್ಟದ್ದು ತಪ್ಪೆಂದು ನನ್ನ ಕೈಯಿಂದ ಒಂದು ನಾಣ್ಯವೂ ಮೇಜಿನ ಮೇಲೆ ಬೀಳುವುದಿಲ್ಲ. ಹಾಗೆ ಬಿದ್ದರೆ ಆಡಮ್ ಅಲ್ಲಿ ಕಲ್ಲು ಒಡೆಯುವುದಕ್ಕೆ ಅರ್ಥವಿಲ್ಲ.

ಸೋಮವಾರ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಸಾರ್ಜೆಂಟ್ ಗಾಡಿ ತರುತ್ತಾನಂತೆ, ನಡೆದೇ ಬರುತ್ತೇನೆ ಎಂದಿದ್ದೇನೆ.

ನೀನು ಸಾಹೇಬರಿಗೆ ಹೇಳಿ ಶನಿವಾರದೊಳಗೆ ಇಲ್ಲಿಗೆ ಬಾ. ಕರು ಹಾಕಬೇಕಾದ ಹಸು ಒಂದಿದೆ, ಅದನ್ನು ಮೇಲಿನ ಹೊಲಕ್ಕೆ ಬಿಡಬೇಡ. ಉಣ್ಣೆಯನ್ನು ಮೊದಲು ಕೇಳಿದವನಿಗೆ ಕೊಟ್ಟುಬಿಡಬೇಡ. ವಾಟ್ ಪೈಪು ಸೇದುತ್ತ ಹುಲ್ಲಿನ ಅಟ್ಟಕ್ಕೆ ಹೋದರೆ ಬೈಯಿ, ನನ್ನಷ್ಟು ಜೋರಾಗಿ ಬೈಯದಿದ್ದರೆ ಕೇಳುವುದಿಲ್ಲ.

ಆಡಮ್‌ಗೆ ತಿಂಗಳಿಗೊಂದು ಕಾಗದ ಬಿಡುತ್ತಾರಂತೆ, ಅದನ್ನೂ ಒಡೆದು ಓದಿಯೇ ಕೊಡುತ್ತಾರಂತೆ. ಆದ್ದರಿಂದ ಉದ್ದ ಬರೆಯಬೇಡ. ಅಳು ಬರೆಯಬೇಡ. ಅಮ್ಮ ಕ್ಷೇಮ, ಮನೆಯಲ್ಲಿಲ್ಲ ಎಂದು ಬರೆ. ಅವನಿಗೆ ತಿಳಿಯುತ್ತದೆ.

ನಿನ್ನ ತಾಯಿ,
ಗ್ರಿಜೆಲ್ ಹೇನಿಂಗ್